ಭೀಮಸೇನರ ಅಭಿಮಾನಕ್ಕೊಂದು ವಿಳಾಸ ಬೇಡವೇ?

ಪಂಡಿತ ಭೀಮಸೇನ ಜೋಶಿಯವರು ಪುಣೆಯಲ್ಲಿ ಕಣ್ಮುಚ್ಚಿದ್ದು 2011ರ ಜನವರಿ 24ರಂದು. ಅವರು ಹುಟ್ಟಿದ್ದು 1922ರ ಫೆಬ್ರುವರಿ 4ರಂದು. ಪುಣ್ಯತಿಥಿಗೂ ಜನ್ಮದಿನಕ್ಕೂ ನಡುವೆ ಹನ್ನೊಂದೇ ದಿನಗಳ ಅಂತರವಿರುವುದರಿಂದ ಅವರ ಅಭಿಮಾನಿಗಳಿಗೆ ವರ್ಷದ ಈ ಅವಧಿ ಒಂದು ಸಣ್ಣ ಪರ್ವಕಾಲವೇ ಸರಿ. ಅವರ ಜನ್ಮಸ್ಥಳವನ್ನು ಕೆಲವು ಗ್ರಂಥಗಳು ರೋಣವೆಂದೂ ಮತ್ತೆ ಕೆಲವು ಗದಗವೆಂದೂ ಹೇಳುತ್ತವೆ. ರೋಣದ ಜನರಿಗೆ ಮಾತ್ರ ಈ ಬಗ್ಗೆ ಎಳ್ಳಷ್ಟೂ ಸಂಶಯವಿಲ್ಲ. ‘ನಮ್ಮ ಭೀಮಣ್ಣ’ ಎಂದು ಅವರು ಹೇಳುವಾಗ ಭಾರತರತ್ನದ ಗಾಂಭೀರ್ಯಕ್ಕಿಂತ ನೆರೆಮನೆಯ ಸಲುಗೆಯೇ ಹೆಚ್ಚು ಕೇಳಿಸುತ್ತದೆ.

1990ರ ದಶಕದಲ್ಲಿ, ಗದಗ ಇನ್ನೂ ಧಾರವಾಡ ಜಿಲ್ಲೆಯ ಭಾಗವಾಗಿದ್ದಾಗ, ಸೇವೆಯ ನಿಮಿತ್ತ ನಾನು ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಸಾಕಷ್ಟು ಓಡಾಡಿದ್ದೇನೆ. ಬೆಳಗಿನ ಹೊತ್ತು ಚಹಾದಂಗಡಿಗಳಲ್ಲಿ ಭೀಮಸೇನರ ದಾಸವಾಣಿಯ ಕ್ಯಾಸೆಟ್ಟು ಮೊಳಗುತ್ತಿತ್ತು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಗ್ಗದ ಸದ್ದನ್ನು ಸೀಳಿಕೊಂಡು ಅದೇ ದನಿ ಬರುತ್ತಿತ್ತು. ನರಗುಂದದ ಹತ್ತಿ ವ್ಯಾಪಾರಿಯೊಬ್ಬರು ಲೆಕ್ಕದ ಪುಸ್ತಕ ಮುಚ್ಚಿಟ್ಟು, ಅವರ ತಾನುಗಳ ಓಟವನ್ನು ಕೈಯಾಡಿಸಿ ತೋರಿಸುತ್ತಿದ್ದರು. ರಾಗದ ಹೆಸರು ಅವರಿಗೆ ತಿಳಿದಿರಲಿಲ್ಲ, ತಿಳಿಯಬೇಕೆಂಬ ಹಂಬಲವೂ ಇರಲಿಲ್ಲ. ಶಾಸ್ತ್ರೀಯ ಸಂಗೀತವೆಂಬುದು ಉಳ್ಳವರ ಸೊತ್ತು ಎಂಬ ಮಾತು ಈ ಮೂರು ಊರುಗಳಲ್ಲಿ ನನಗೆಂದೂ ನಿಜವೆನಿಸಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಭೀಮಸೇನರ ಬಾಲ್ಯದ ಕಥೆ ಬೇರೊಂದು ಕಾರಣಕ್ಕೆ ಕಾಡುತ್ತದೆ. ಶಾಲಾಶಿಕ್ಷಕ ಗುರುರಾಜ ಜೋಶಿಯವರ ಹದಿನಾರು ಮಕ್ಕಳಲ್ಲಿ ಹಿರಿಯನಾದ ಈ ಹುಡುಗ ಗ್ರಾಮಫೋನ್ ತಟ್ಟೆಯಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದನ್ನು ಕೇಳಿ, ಹಾಗೆ ಹಾಡುವುದನ್ನು ಕಲಿತೇ ತೀರಬೇಕೆಂದು 1933ರಲ್ಲಿ ಹನ್ನೊಂದರ ವಯಸ್ಸಿಗೇ ಮನೆ ಬಿಟ್ಟ. ಟಿಕೆಟ್ ಇಲ್ಲದೆ ರೈಲು ಹತ್ತಿ, ಹಾಡಿ ಹೊಟ್ಟೆ ಹೊರೆಯುತ್ತ ವಿಜಾಪುರ, ಪುಣೆ, ಗ್ವಾಲಿಯರ್ ಮುಂತಾದ ಊರುಗಳನ್ನು ಅಲೆದು ಕೊನೆಗೆ ಜಾಲಂಧರ ಸೇರಿದ. ಅಲ್ಲಿ ಅವನನ್ನು ಕಂಡ ಪಂಡಿತ ವಿನಾಯಕರಾವ್ ಪಟವರ್ಧನರು, ನಿಮ್ಮ ಕಡೆಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಬಂದದ್ದೇಕೆಂದು ಅಚ್ಚರಿಪಟ್ಟರಂತೆ. ಅಬ್ದುಲ್ ಕರೀಂ ಖಾನರ ನೇರ ಶಿಷ್ಯರಾದ ಸವಾಯಿ ಗಂಧರ್ವರು ಇದ್ದದ್ದು ಹುಬ್ಬಳ್ಳಿಯ ಬಳಿಯ ಕುಂದಗೋಳದಲ್ಲಿ, ಗದಗಿನಿಂದ ನೂರು ಕಿಲೋಮೀಟರಿನ ಒಳಗೆ!

ಅರ್ಥಶಾಸ್ತ್ರ ಇದನ್ನು ಮಾಹಿತಿಯ ಕೊರತೆ ಎನ್ನುತ್ತದೆ. ಬೇಡಿಕೆಯೂ ಇದೆ, ಪೂರೈಕೆಯೂ ಇದೆ, ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದಿಲ್ಲ. ಹುಡುಗ ತನ್ನದೇ ಸೀಮೆಯಲ್ಲಿದ್ದ ಗುರುವಿನ ವಿಳಾಸಕ್ಕಾಗಿ ಅರ್ಧ ಭಾರತ ಸುತ್ತಬೇಕಾಯಿತು. ತಂದೆ ಜಾಲಂಧರದಲ್ಲಿ ಮಗನನ್ನು ಪತ್ತೆಹಚ್ಚಿ ಕರೆತಂದ ಮೇಲೆ 1936ರಲ್ಲಿ ಕುಂದಗೋಳದ ಕಲಿಕೆ ಆರಂಭವಾಯಿತು. ಗುರುಗೃಹದ ಕೆಲಸ ಮಾಡುತ್ತ, ಹಿರಿಯ ಸಹಪಾಠಿ ಗಂಗೂಬಾಯಿ ಹಾನಗಲ್ಲರ ಜತೆ ಕಲಿತ ಆ ವರ್ಷಗಳೇ ಭೀಮಸೇನರ ಮುಂದಿನ ಏಳು ದಶಕಗಳ ಬಂಡವಾಳ. ಆ ಋಣವನ್ನು ಅವರು ಮರೆಯಲಿಲ್ಲ. ಗುರುಗಳು ತೀರಿಕೊಂಡ ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಭೀಮಸೇನರು ದಶಕಗಳ ಕಾಲ ಮುನ್ನಡೆಸಿದ ಆ ಉತ್ಸವ ಇಂದು ಗುರುಶಿಷ್ಯರಿಬ್ಬರ ಹೆಸರನ್ನೂ ಹೊತ್ತಿದೆ.

ಪುಣೆ ಹೀಗೆ ನೆನೆಯುವುದನ್ನು ಕಲಿತಿತು. ಹೊರದೇಶಗಳ ಊರುಗಳೂ ಕಲಿತಿವೆ. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ 1977ರಲ್ಲಿ ತೀರಿಕೊಂಡ ಐದೇ ವರ್ಷಗಳಲ್ಲಿ ಮೆಂಫಿಸ್ ನಗರದ ಅವನ ಮನೆ ಸಾರ್ವಜನಿಕರಿಗೆ ತೆರೆಯಿತು. ಲಿವರ್‌ಪೂಲಿನಲ್ಲಿ ಜಾನ್ ಲೆನನ್ ಬೆಳೆದ ಮನೆಯನ್ನು ಪತ್ನಿ ಯೋಕೊ ಓನೊ 2002ರಲ್ಲಿ ಕೊಂಡು ಬ್ರಿಟನ್ನಿನ ರಾಷ್ಟ್ರೀಯ ಪರಂಪರಾ ಸಂಸ್ಥೆಗೆ ದಾನವಿತ್ತರು. ಆ ಊರುಗಳಲ್ಲಿ ಅಭಿಮಾನವೇ ಒಂದು ಆರ್ಥಿಕ ಚಟುವಟಿಕೆ. ಅಂಥ ವ್ಯಾಪಾರವನ್ನು ರೋಣಕ್ಕೆ ತರಬೇಕೆಂದು ನಾನು ಹೇಳಲಾರೆ. ಆದರೆ ಅಭಿಮಾನಿಗೆ ಬಂದು ನಿಲ್ಲಲು ಒಂದು ಜಾಗ, ಕುಳಿತು ಕೇಳಲು ಒಂದು ಕೋಣೆ ಬೇಕೆಂಬುದನ್ನು ಅವರಿಂದ ಕಲಿಯಬಹುದು.

ಗೌರವಗಳಿಗೇನೂ ಕೊರತೆಯಾಗಿಲ್ಲ. 1972ರ ಪದ್ಮಶ್ರೀಯಿಂದ 2005ರ ಕರ್ನಾಟಕ ರತ್ನ, 2008ರ ಭಾರತರತ್ನದವರೆಗೆ ಎಲ್ಲವೂ ಸಂದಿವೆ. 2014ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ತಂದಾಗ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಕುಮಾರ ಗಂಧರ್ವರಿಗೂ ಅದೇ ಸಾಲಿನಲ್ಲಿ ಸ್ಥಾನ ಸಿಕ್ಕಿತು. ಒಂದೇ ಸೀಮೆಯ ನಾಲ್ವರು! 1966ರ ‘ಸಂಧ್ಯಾರಾಗ’ ಚಿತ್ರಕ್ಕೆ ಅವರು ಹಾಡಿದ್ದನ್ನು ಹಳೆಯ ತಲೆಮಾರು ಇನ್ನೂ ಗುನುಗುತ್ತದೆ. ಆದರೆ ಇಂಥ ಗೌರವಗಳೆಲ್ಲ ಮುಗಿದುಹೋದ ಸಾಧನೆಗೆ ಸಲ್ಲುವಂಥವು. ಮುಂದಿನ ಗಾಯಕನನ್ನು ಅವು ತಾವಾಗಿ ತಯಾರಿಸುವುದಿಲ್ಲ.

ಇಂದು ಮಾಹಿತಿಯ ಕೊರತೆಯಿಲ್ಲ. ರೋಣದ ಯಾವುದೇ ಮಗು ಅಂಗೈಯ ಫೋನಿನಲ್ಲಿ ಅಬ್ದುಲ್ ಕರೀಂ ಖಾನರನ್ನೂ ಕೇಳಬಹುದು, ಭೀಮಸೇನರನ್ನೂ ಕೇಳಬಹುದು. ಕೊರತೆಯಾಗಿರುವುದು ಗುರುವಿನ ಸಮಯ, ಶಿಷ್ಯನ ವರ್ಷಗಳು, ನಾಲ್ಕು ಜನ ಒಟ್ಟಿಗೆ ಕುಳಿತು ಕೇಳುವ ಸಂದರ್ಭ. ಮಾರುಕಟ್ಟೆ ಇವನ್ನು ಒದಗಿಸದು. ಹತ್ತು ವರ್ಷಗಳ ನಂತರ ಫಲ ಕೊಡಬಹುದಾದ, ಕೊಡದೆಯೂ ಇರಬಹುದಾದ ಕಲಿಕೆಗೆ ಯಾವ ಬ್ಯಾಂಕು ಸಾಲ ಕೊಟ್ಟೀತು? ಇಂಥ ಕಡೆ ಸಮಾಜವೇ ಮುಂದೆ ಬರಬೇಕು.

ನನ್ನ ಸಲಹೆ ದೊಡ್ಡದೇನಲ್ಲ. ಮೂರೂ ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದೊಂದು ಕೋಣೆ, ಒಳ್ಳೆಯ ಧ್ವನಿಯಂತ್ರ, ತಿಂಗಳಿಗೆರಡು ಸಂಜೆ ಬಲ್ಲವರೊಬ್ಬರ ಸಮ್ಮುಖದಲ್ಲಿ ಸಾಮೂಹಿಕ ಆಲಿಕೆ. ಜನವರಿ–ಫೆಬ್ರುವರಿಯ ಆ ಹನ್ನೊಂದು ದಿನಗಳಲ್ಲಿ ಒಂದು ವರ್ಷ ರೋಣ, ಇನ್ನೊಂದು ವರ್ಷ ನರಗುಂದ, ಮತ್ತೊಂದು ವರ್ಷ ಗಜೇಂದ್ರಗಡದಲ್ಲಿ ಉಚಿತ ಕಛೇರಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ತಾಲ್ಲೂಕುಗಳ ಹತ್ತು ಮಕ್ಕಳಿಗೆ ಧಾರವಾಡ, ಹುಬ್ಬಳ್ಳಿ, ಗದಗಗಳ ಗುರುಗಳಲ್ಲಿ ಕಲಿಯಲು ತಿಂಗಳಿಗೆ ಐದು ಸಾವಿರ ರೂಪಾಯಿಯ ಶಿಷ್ಯವೇತನ. ವರ್ಷಕ್ಕೆ ಆರು ಲಕ್ಷ ರೂಪಾಯಿ. ಫಲಕ, ಶಾಮಿಯಾನ, ಹಾರತುರಾಯಿಗಳಿಗೆ ನಾವು ಸುರಿಯುವ ಹಣವನ್ನು ಬಲ್ಲವರಿಗೆ ಇದು ದೊಡ್ಡ ಮೊತ್ತವಾಗಿ ಕಾಣದು.

ಬರದ ನಾಡಿನಲ್ಲಿ ಸಂಗೀತಕ್ಕೇಕೆ ಹಣ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನರಗುಂದದ ರೈತರು 1980ರಲ್ಲಿ ಬಂಡೆದ್ದವರು, 2015ರಿಂದ ಮಹದಾಯಿ ನೀರಿಗಾಗಿ ಬೀದಿಯಲ್ಲಿ ಕುಳಿತವರು. ಅವರ ಮುಂದೆ ಸಂಗೀತದ ಮಾತೆತ್ತಲು ಸಂಕೋಚವಾಗುತ್ತದೆ. ಆದರೆ ಇದಕ್ಕೆ ಉತ್ತರ ಇದೇ ನೆಲದ ಚರಿತ್ರೆಯಲ್ಲಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 2010ರಲ್ಲಿ ಅಗಲಿದ ಪುಟ್ಟರಾಜ ಗವಾಯಿಗಳೂ ಅಂಧ ಮತ್ತು ಬಡ ಮಕ್ಕಳಿಗೆ ಅನ್ನದ ಜತೆಗೆ ಸ್ವರವನ್ನೂ ಕೊಟ್ಟರು. ಅದಕ್ಕೆ ಆಸರೆಯಾದದ್ದು ಶ್ರೀಮಂತರ ಹುಂಡಿಗಿಂತ ಹೆಚ್ಚಾಗಿ ಭಕ್ತರ ಕಾಣಿಕೆ ಮತ್ತು ನಾಟಕ ಕಂಪನಿಯ ದುಡಿಮೆ. ಅನ್ನ ಮೊದಲು, ಹಾಡು ಆಮೇಲೆ ಎಂಬ ಸರದಿಯನ್ನು ಈ ಸೀಮೆಯ ಬಡವರು ಎಂದೂ ಪಾಲಿಸಲಿಲ್ಲ.

ನಾಳೆ ಗಜೇಂದ್ರಗಡದ ನೇಕಾರರ ಮನೆಯ ಹುಡುಗಿಯೊಬ್ಬಳು ಭೀಮಸೇನರ ಹಾಡು ಕೇಳಿ ‘ನಾನೂ ಹೀಗೆ ಹಾಡಬೇಕು, ಎಲ್ಲಿಗೆ ಹೋಗಲಿ?’ ಎಂದು ಕೇಳಿದರೆ ನಾವು ಏನು ಹೇಳುತ್ತೇವೆ? ಅವಳು ಟಿಕೆಟ್ ಇಲ್ಲದೆ ರೈಲು ಹತ್ತುವಂತಾಗಬಾರದು. ಅವಳ ಕೈಗೆ ಕೊಡಲು ನಮ್ಮಲ್ಲಿ ಒಂದು ವಿಳಾಸವಿರಬೇಕು.