ಮುಷ್ಕರದೂರಿನಲ್ಲಿ ಒಂದೇ ಮನೆ

ಶಹಾಬಾದಿ ಹಾಸುಗಲ್ಲನ್ನು ತುಳಿಯದ ಕಾಲು ನಮ್ಮ ನಾಡಿನಲ್ಲಿ ವಿರಳ. ವಾಡಿ, ಚಿತ್ತಾಪುರ, ಸೇಡಂಗಳಲ್ಲಿ ಕಲ್ಲಿನ ಗಣಿಯೂ ಸಿಮೆಂಟಿನ ಕಾರ್ಖಾನೆಯೂ ಅನೇಕರಿಗೆ ಅನ್ನದ ದಾರಿ; ಕಾಡು ನೋಡಬೇಕಾದರೆ ಚಿಂಚೋಳಿಗೇ ಹೋಗಬೇಕು. ಇಂಥ ಊರುಗಳ ವಾಚಕರಿಗೆ ಅಮೆರಿಕದ ಮರಕಡಿಯುವವರ ಚಿತ್ರದ ಮಾತೇಕೆ? ಕೂಲಿ ನಿಂತ ತಿಂಗಳಲ್ಲಿ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಹೇಗೆ ಬೆಳೆಯುತ್ತದೆಂಬುದನ್ನು ಬಲ್ಲವರಿಗೆ ಆ ಕಥೆ ಪರಕೀಯವಲ್ಲ.

ಕೆನ್ ಕೀಸಿ 1964ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ 1971ರಲ್ಲಿ ತೆರೆಕಂಡ ‘ಸಮ್‌ಟೈಮ್ಸ್ ಎ ಗ್ರೇಟ್ ನೋಷನ್’ ಚಿತ್ರದ ನಾಯಕನೂ ನಿರ್ದೇಶಕನೂ ಪಾಲ್ ನ್ಯೂಮನ್. ಮೊದಲು ನಿರ್ದೇಶಿಸುತ್ತಿದ್ದವರು ನಡುವೆಯೇ ಬಿಟ್ಟುಹೋದಾಗ ಆ ಹೊರೆಯೂ ನಟನ ಹೆಗಲೇರಿತು. ಆರಿಗನ್ನಿನ ನದೀತೀರದಲ್ಲಿ ಊರಿಗೆ ಊರೇ ಮುಷ್ಕರ ಹೂಡಿದೆ. ಸ್ಟ್ಯಾಂಪರ್ ಮನೆತನದವರು ಮಾತ್ರ ಕೊಡಲಿ ಕೆಳಗಿಡರು. ಒಪ್ಪಿಕೊಂಡ ದಿಮ್ಮಿಗಳನ್ನು ಗಿರಣಿಗೆ ಮುಟ್ಟಿಸಿಯೇ ತೀರಬೇಕೆಂಬ ಹಟ. ಹೆನ್ರಿ ಫಾಂಡಾ ಅಭಿನಯಿಸಿದ ಮುದುಕ ತಂದೆಯಂತೂ ಮುರಿದ ತೋಳಿಗೆ ಗಾರೆಕಟ್ಟು ಹಾಕಿಸಿಕೊಂಡೇ ಅಬ್ಬರಿಸುತ್ತಾನೆ. ಸೊಸೆಯ ಮೌನವನ್ನು ಲೀ ರೆಮಿಕ್ ಬಲು ಸಂಯಮದಿಂದ ತೋರಿಸಿದ್ದಾಳೆ. ಕೊನೆಗೆ ಆಕೆ ಮನೆಬಿಟ್ಟು ಹೋಗುತ್ತಾಳೆ.

ಚಿತ್ರದ ಹೃದಯವೆಂದರೆ ಒಂದೇ ದಿನದ ಎರಡು ಅಪಘಾತ. ಉರುಳಿದ ಮರ ತಂದೆಯ ತೋಳನ್ನು ಕೀಳುತ್ತದೆ. ಅತ್ತ ನೀರಿನಂಚಿನಲ್ಲಿ ದಿಮ್ಮಿಯಡಿ ಸಿಲುಕಿದ ಜೋ ಬೆನ್ ನಗುತ್ತ ಹಾಸ್ಯವಾಡುತ್ತಿದ್ದಾನೆ. ನೀರು ಮೆಲ್ಲಮೆಲ್ಲನೆ ಗಲ್ಲಕ್ಕೆ, ತುಟಿಗೆ, ಮೂಗಿಗೆ ಏರುತ್ತದೆ. ನ್ಯೂಮನ್ ಮುಳುಗಿ ಮುಳುಗಿ ತನ್ನ ಬಾಯಿಂದ ಅವನ ಬಾಯಿಗೆ ಉಸಿರು ತುಂಬುತ್ತಾನೆ. ನೀರಿನೊಳಗೂ ಅವನಿಗೆ ನಗು ಬರುತ್ತದೆ. ಉಸಿರೆಲ್ಲ ಗುಳ್ಳೆಗಳಾಗಿ ಹೋಗುತ್ತದೆ. ಗಣಿಯಲ್ಲಿ ಬಂಡೆ ಜಾರಿದ ಸುದ್ದಿ ಕೇಳಿದ ಯಾವ ಮನೆಯವರೂ ಈ ದೃಶ್ಯವನ್ನು ನೆಮ್ಮದಿಯಿಂದ ನೋಡಲಾರರು. ಈ ಪಾತ್ರಕ್ಕಾಗಿ ರಿಚರ್ಡ್ ಜೆಕೆಲ್ ಹೆಸರು ಆಸ್ಕರ್ ಪ್ರಶಸ್ತಿಯ ಸ್ಪರ್ಧೆಗೆ ಸೇರಿತು. ಪ್ರಶಸ್ತಿ ಮಾತ್ರ ಬರಲಿಲ್ಲ.

ನನ್ನದೊಂದು ಆಕ್ಷೇಪವಿದೆ. ನಿರ್ದೇಶಕನಿಗೆ ಸ್ಟ್ಯಾಂಪರರ ಹಟದ ಮೇಲೆ ಬಲು ಮೋಹ. ಮುಷ್ಕರಗಾರರು ಗೊಣಗುವ ಗುಂಪಾಗಿಯೇ ಉಳಿಯುತ್ತಾರೆ. ಅವರ ಮನೆಯ ಒಲೆ ಉರಿಯುತ್ತಿದೆಯೇ, ಮಕ್ಕಳು ಉಂಡರೇ ಎಂದು ಕ್ಯಾಮರಾ ಒಳಹೊಕ್ಕು ನೋಡುವುದು ವಿರಳ. ಕೊನೆಯಲ್ಲಿ ಸತ್ತ ತಂದೆಯ ತುಂಡಾದ ತೋಳನ್ನು, ಬೆರಳೆತ್ತಿ ಅಣಕಿಸುವಂತೆ, ದೋಣಿಗೆ ಕಟ್ಟಿ ಅಣ್ಣತಮ್ಮಂದಿರು ದಿಮ್ಮಿಗಳ ತೆಪ್ಪವನ್ನು ಎಳೆದೊಯ್ಯುತ್ತಾರೆ. ದಡದಲ್ಲಿ ಮುಷ್ಕರಗಾರರು ನಿಂತು ನೋಡುತ್ತಾರೆ. ನನ್ನ ಕಣ್ಣು ದೋಣಿಯನ್ನು ಬಿಟ್ಟು ಆ ದಡದವರ ಮುಖಗಳನ್ನೇ ಹುಡುಕುತ್ತಿತ್ತು.