ಬಾಡಿಗೆ ಕೊಠಡಿಗಳ ಮೇಲಿನ ತೆರಿಗೆ: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಪೀಣ್ಯ, ವೈಟ್‌ಫೀಲ್ಡ್ ಹಾಗೂ ಇಲೆಕ್ಟ್ರಾನಿಕ್ ಸಿಟಿ ಪ್ರದೇಶಗಳಲ್ಲಿ ಕಾರ್ಯಾಗಾರ ಅಥವಾ ಗೋದಾಮಿನ ಮೇಲಂತಸ್ತಿನಲ್ಲಿ ನಾಲ್ಕಾರು ಕೊಠಡಿಗಳನ್ನು ಕಟ್ಟಿಸಿ ಬಾಡಿಗೆಗೆ ನೀಡುವುದು ಸಣ್ಣ ಉದ್ಯಮಿಗಳಿಗೆ ಒಂದು ಉಪ ಆದಾಯದ ಮಾರ್ಗ. ಯಂತ್ರಗಳ ಅಳವಡಿಕೆಗೆ ಬರುವ ತಂತ್ರಜ್ಞರು, ತರಬೇತಿಗೆ ಬರುವ ಪದವೀಧರರು, ಹೊಸದಾಗಿ ಕೆಲಸಕ್ಕೆ ಸೇರಿದ ನೌಕರರು ಇಂತಹ ಕೊಠಡಿಗಳನ್ನು ಅರಸಿ ಬರುತ್ತಾರೆ. ಈ ಆದಾಯವು 20 ಲಕ್ಷ ರೂಪಾಯಿ ಮೀರುವವರೆಗೆ ಸರಕು ಮತ್ತು ಸೇವಾ ತೆರಿಗೆಯ ಚಿಂತೆಯಿಲ್ಲವೆಂಬ ನಂಬಿಕೆ ಸಾಮಾನ್ಯವಾಗಿದೆ. ಈಗಾಗಲೇ ನೋಂದಣಿ ಪಡೆದು ಉದ್ಯಮ ನಡೆಸುತ್ತಿರುವವರ ಮಟ್ಟಿಗೆ ಈ ನಂಬಿಕೆ ತಪ್ಪು. ಅದರಿಂದ ಆಗುವ ನಷ್ಟವೂ ಸಣ್ಣದಲ್ಲ.

ಹಿನ್ನೆಲೆ

ವಸತಿ ಕೊಠಡಿಗಳ ಮೇಲಿನ ತೆರಿಗೆ ಹೊಸದಲ್ಲ. ಕರ್ನಾಟಕದಲ್ಲಿ 1979ರ ಕಾಯ್ದೆಯ ಅನ್ವಯ ಸುಖಭೋಗ ತೆರಿಗೆ ಇತ್ತು. 2011ರ ಮೇ ತಿಂಗಳಿನಿಂದ ಕೇಂದ್ರದ ಸೇವಾ ತೆರಿಗೆ ಸೇರಿತು. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ವಾಸ್ತವ್ಯಕ್ಕೆ ಅದು ಅನ್ವಯಿಸುತ್ತಿತ್ತು. 2017ರ ಜುಲೈ 1ರಂದು ಎರಡೂ ಜಿ.ಎಸ್.ಟಿ.ಯಲ್ಲಿ ವಿಲೀನವಾದವು. ದಿನಕ್ಕೆ 1,000 ರೂ.ಗಿಂತ ಕಡಿಮೆ ದರದ ಕೊಠಡಿಗಳಿಗೆ ಇದ್ದ ವಿನಾಯಿತಿಯನ್ನು 2022ರ ಜುಲೈ 18ರಿಂದ ಹಿಂಪಡೆದು ಶೇ. 12ರ ತೆರಿಗೆ ವಿಧಿಸಲಾಯಿತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೊಠಡಿಗಳಿಗೆ ದರವು ಶೇ. 5ಕ್ಕೆ ಇಳಿದಿದೆ. ಆದರೆ ಈ ದರಕ್ಕೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ.

ತೊಂಬತ್ತು ದಿನಗಳ ಷರತ್ತು

ಪಿ.ಜಿ. ಮತ್ತು ಹಾಸ್ಟೆಲುಗಳ ವಿಷಯದಲ್ಲಿ 2024ರ ಜುಲೈ 15ರಿಂದ ಪ್ರತ್ಯೇಕ ವಿನಾಯಿತಿ ಜಾರಿಯಲ್ಲಿದೆ. ಒಬ್ಬ ವ್ಯಕ್ತಿಗೆ ತಿಂಗಳಿಗೆ 20,000 ರೂ. ಮೀರದ ಬಾಡಿಗೆ ಇರಬೇಕು. ಕನಿಷ್ಠ 90 ದಿನಗಳ ನಿರಂತರ ವಾಸವೂ ಇರಬೇಕು. ಎರಡು ಷರತ್ತುಗಳೂ ಒಟ್ಟಿಗೆ ಪೂರೈಕೆಯಾದರೆ ಮಾತ್ರ ತೆರಿಗೆ ಇಲ್ಲ. ತಿಂಗಳಿಗೆ 12,000 ರೂ. ಕೊಡುತ್ತಿದ್ದ ನೌಕರನೊಬ್ಬ ಎರಡು ತಿಂಗಳಿಗೇ ಬಿಟ್ಟು ಹೋದರೆ ಷರತ್ತು ಮುರಿಯುತ್ತದೆ. ಆಗ ನೋಂದಾಯಿತ ಮಾಲೀಕನು ಪಡೆದ 24,000 ರೂ.ಗಳಲ್ಲೇ ತೆರಿಗೆ ಅಡಕವಾಗಿದೆಯೆಂದು ಲೆಕ್ಕ ಹಾಕಿದರೂ ಸುಮಾರು 1,143 ರೂ. ಕೈಯಿಂದ ಭರಿಸಬೇಕಾಗುತ್ತದೆ. ಆದುದರಿಂದ ಅವಧಿಗೆ ಮುನ್ನ ತೆರವು ಮಾಡಿದಲ್ಲಿ ತೆರಿಗೆಯನ್ನು ಮುಂಗಡ ಹಣದಿಂದ ಮುರಿದುಕೊಳ್ಳಲಾಗುವುದೆಂಬ ವಾಕ್ಯವನ್ನು ಕರಾರಿನಲ್ಲೇ ಸೇರಿಸುವುದು ಒಳಿತು.

20 ಲಕ್ಷದ ಮಿತಿ ಯಾರಿಗೆ?

ನೋಂದಣಿಯ ಮಿತಿಯನ್ನು ಕೊಠಡಿಗಳ ಆದಾಯದಿಂದಲ್ಲ, ಒಂದೇ ಪ್ಯಾನ್ ಸಂಖ್ಯೆಯಡಿ ನಡೆಯುವ ಎಲ್ಲ ವ್ಯವಹಾರಗಳ ಒಟ್ಟು ವಹಿವಾಟಿನಿಂದ ಅಳೆಯಲಾಗುತ್ತದೆ. ಪೀಣ್ಯದಲ್ಲಿ ಲೇತ್ ಕಾರ್ಯಾಗಾರ ನಡೆಸುವ, ವಾರ್ಷಿಕ 2 ಕೋಟಿ ರೂ. ವಹಿವಾಟಿನ ಏಕಮಾಲೀಕ ಸಂಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮಾಲೀಕನು ಅದೇ ಪ್ಯಾನ್‌ನಲ್ಲಿ ನಾಲ್ಕು ಕೊಠಡಿಗಳನ್ನು ದಿನಕ್ಕೆ 900 ರೂ.ನಂತೆ, ತಿಂಗಳಿಗೆ ಸರಾಸರಿ 20 ದಿನ ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ 8,64,000 ರೂ. ಬರುತ್ತದೆ. ಈ ಮೊತ್ತಕ್ಕೆ ಮೊದಲ ರೂಪಾಯಿಯಿಂದಲೇ ತೆರಿಗೆ ಸಲ್ಲಬೇಕು. ಶೇ. 5ರಂತೆ ಅದು 43,200 ರೂ.; ಹಿಂದಿನ ಶೇ. 12ರ ದರವಿದ್ದ ಪೂರ್ಣ ವರ್ಷಕ್ಕೆ 1,03,680 ರೂ. ವಸೂಲು ಮಾಡದೆ ಬಿಟ್ಟ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿಯೂ ಸೇರುತ್ತದೆ.

ರಾಜಿ ತೆರಿಗೆ ಪದ್ಧತಿಯಲ್ಲಿರುವ ತಯಾರಕರಿಗೆ ಇನ್ನೊಂದು ಮಿತಿಯಿದೆ. ಅವರು ಒದಗಿಸುವ ಸೇವೆಗಳ ಮೌಲ್ಯ ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂ., ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಮೀರಬಾರದು. ಮೀರಿದರೆ ಕೊಠಡಿಗಳ ಆಸೆಗೆ ಕಾರ್ಖಾನೆಯ ರಾಜಿ ತೆರಿಗೆಯ ಸೌಲಭ್ಯವೇ ಕೈತಪ್ಪುತ್ತದೆ.

ಆನ್‌ಲೈನ್ ಕಾಯ್ದಿರಿಸುವಿಕೆ

ಜಾಲತಾಣದ ಕಂಪನಿಯೇ ತೆರಿಗೆ ಕಟ್ಟುತ್ತದೆಂಬ ಮಾತು ಅರ್ಧ ಸತ್ಯ. ನೋಂದಣಿಗೆ ಬಾಧ್ಯರಲ್ಲದ ಮಾಲೀಕರ ಪರವಾಗಿ ಮಾತ್ರ ಕಂಪನಿ ತೆರಿಗೆ ಪಾವತಿಸುತ್ತದೆ. ವಹಿವಾಟಿನ ಕಾರಣದಿಂದ ನೋಂದಣಿಗೆ ಬಾಧ್ಯನಾದ ಮಾಲೀಕನು ತಾನೇ ಪಾವತಿಸಬೇಕು. ಅಂತಹವರ ಖಾತೆಯಿಂದ ಕಂಪನಿಯು ಮೂಲದಲ್ಲಿ ಸಂಗ್ರಹಿಸುವ ಶೇ. 0.5 ಮೊತ್ತವು ಪೂರ್ಣ ತೆರಿಗೆಯಲ್ಲ; ಅದನ್ನು ಮಾಲೀಕನ ನಗದು ಖಾತೆಗೆ ಜಮಾ ಪಡೆಯಬಹುದಷ್ಟೆ.

ನೌಕರರಿಗಾಗಿ ಮನೆ ಪಡೆದಾಗ

ಎಚ್.ಎಸ್.ಆರ್. ಬಡಾವಣೆಯ ಕಟ್ಟಡವೊಂದನ್ನು ಗುತ್ತಿಗೆ ಪಡೆದ ಕಂಪನಿಯು ಅದನ್ನು ವಿದ್ಯಾರ್ಥಿಗಳ ಮತ್ತು ಉದ್ಯೋಗಸ್ಥರ ವಸತಿಗೆ ನೀಡಿದ್ದ ಪ್ರಕರಣದಲ್ಲಿ, ಕಟ್ಟಡದ ಬಾಡಿಗೆಗೆ ವಿನಾಯಿತಿ ಸಲ್ಲುತ್ತದೆಂದು ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯ 2025ರ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಆ ವ್ಯಾಜ್ಯ ಹಿಂದಿನ ಅವಧಿಯದು. 2022ರ ಜುಲೈ 18ರಿಂದ ನೋಂದಾಯಿತ ಉದ್ಯಮವು ತನ್ನ ನೌಕರರಿಗಾಗಿ ವಾಸದ ಮನೆಯನ್ನು ಬಾಡಿಗೆಗೆ ಪಡೆದರೆ, ಬಾಡಿಗೆದಾರನಾದ ಉದ್ಯಮವೇ ಪ್ರತಿವರ್ತನ ಪದ್ಧತಿಯಲ್ಲಿ ಶೇ. 18 ತೆರಿಗೆ ಕಟ್ಟಬೇಕು. ಏಕಮಾಲೀಕನು ಸ್ವಂತ ವಾಸಕ್ಕೆ ಸ್ವಂತ ಖರ್ಚಿನಲ್ಲಿ ಪಡೆದ ಮನೆಗೆ ಇದು ಅನ್ವಯಿಸದು.

ಸ್ಥಳೀಯ ನಿಯಮಗಳು

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2024ರ ಆಗಸ್ಟ್‌ನಲ್ಲಿ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿತು. ಪ್ರತಿ ವ್ಯಕ್ತಿಗೆ ಕನಿಷ್ಠ 70 ಚದರ ಅಡಿ ಸ್ಥಳ, ದಿನಕ್ಕೆ 135 ಲೀಟರ್ ನೀರು, ಸಿ.ಸಿ. ಕ್ಯಾಮೆರಾ, ಸದಾಕಾಲದ ಕಾವಲು ಹಾಗೂ ಅಡುಗೆ ಇದ್ದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಅದರ ಮುಖ್ಯ ಅಂಶಗಳು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ವೈಟ್‌ಫೀಲ್ಡ್ ಈಗ ಪೂರ್ವ ನಗರ ಪಾಲಿಕೆಗೆ ಸೇರಿದೆ. ಇಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶಕ್ಕೆ ಪ್ರತ್ಯೇಕ ಟೌನ್‌ಶಿಪ್ ಪ್ರಾಧಿಕಾರವಿದೆ. ಉದ್ದಿಮೆ ಪರವಾನಗಿ ಯಾರಿಂದ ಪಡೆಯಬೇಕೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ವಿದೇಶೀಯರು ತಂಗಿದರೆ 24 ಗಂಟೆಗಳೊಳಗೆ ವಿದೇಶೀಯರ ನೋಂದಣಿ ಕಚೇರಿಗೆ ಆನ್‌ಲೈನ್ ಮೂಲಕ ವಿವರ ಸಲ್ಲಿಸುವುದು ಕಡ್ಡಾಯ.

ಒಟ್ಟಿನಲ್ಲಿ, ಅದೇ ಕೊಠಡಿ ಎಷ್ಟು ದಿನಕ್ಕೆ, ಎಷ್ಟು ಮೊತ್ತಕ್ಕೆ, ಯಾರ ಹೆಸರಿಗೆ ಹೋಗುತ್ತದೆಂಬುದರ ಮೇಲೆ ತೆರಿಗೆ ಬದಲಾಗುತ್ತದೆ. ಕೊಠಡಿಗಳ ಆದಾಯಕ್ಕೆ ಪ್ರತ್ಯೇಕ ಲೆಕ್ಕ, ವಾಸಿಗಳ ಬಂದ ಮತ್ತು ಹೋದ ದಿನಾಂಕಗಳ ದಾಖಲೆ ಪುಸ್ತಕ, ಲಿಖಿತ ಕರಾರು ಹಾಗೂ ಜಿ.ಎಸ್.ಟಿ. ನೋಂದಣಿಯಲ್ಲಿ ವಸತಿ ಸೇವೆಯ 9963 ಸಂಕೇತದ ಸೇರ್ಪಡೆ, ಈ ನಾಲ್ಕನ್ನು ವರ್ಷಾರಂಭದಲ್ಲೇ ಸರಿಪಡಿಸಿಕೊಂಡ ಉದ್ಯಮಿಗೆ ನೋಟೀಸು ಬಂದರೂ ಉತ್ತರಿಸುವುದು ಕಷ್ಟವಾಗದು.