ಶಾಪದಿಂದ ಕರಾರಿಗೆ: ಕೊರಿಯಾದ ‘ದೊಕ್ಕೆಬಿ’ ಧಾರಾವಾಹಿಯಲ್ಲಿ ದೈವ–ಮಾನವ ಪ್ರಣಯದ ಆಶಯ

ದೈವವು ಮಾನವ ಸ್ತ್ರೀಗೆ ಒಲಿಯುವ, ದೇವಕನ್ಯೆಯು ಮರ್ತ್ಯನ ಕೈಹಿಡಿಯುವ ಕಥೆಗಳು ಜಗತ್ತಿನ ಹಲವು ಸಂಸ್ಕೃತಿಗಳ ಮೌಖಿಕ ಹಾಗೂ ಲಿಖಿತ ಪರಂಪರೆಗಳಲ್ಲಿ ದೊರೆಯುತ್ತವೆ. ಊರ್ವಶಿ–ಪುರೂರವರ ವೃತ್ತಾಂತ ಕನ್ನಡ ಓದುಗರಿಗೆ ಚಿರಪರಿಚಿತವಾದುದು. ಇಂತಹ ಆಶಯವೊಂದು ಬಾಯಿಂದ ಬರಹಕ್ಕೆ, ಬರಹದಿಂದ ದೃಶ್ಯಮಾಧ್ಯಮಕ್ಕೆ ಸಾಗಿಬಂದಾಗ ಅದರ ಹೊರರೂಪವಷ್ಟೇ ಅಲ್ಲದೆ ಅದು ಎತ್ತುವ ಪ್ರಶ್ನೆಯೂ ಬದಲಾಗುತ್ತದೆ. ಈ ಬದಲಾವಣೆಯನ್ನು ಅರಿಯಲು ದಕ್ಷಿಣ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ 2016ರ ಡಿಸೆಂಬರ್ 2ರಿಂದ 2017ರ ಜನವರಿ 21ರವರೆಗೆ 16 ಕಂತುಗಳಲ್ಲಿ ಪ್ರಸಾರವಾದ ‘ದೊಕ್ಕೆಬಿ’ ಧಾರಾವಾಹಿಯು ಉಪಯುಕ್ತ ಪಠ್ಯವಾಗಿದೆ. ಕಿಮ್ ಉನ್-ಸುಕ್ ಅವರ ರಚನೆ ಮತ್ತು ಲೀ ಉಂಗ್-ಬೋಕ್ ಅವರ ನಿರ್ದೇಶನದ ಈ ಕೃತಿಯಲ್ಲಿ ಗೋಂಗ್ ಯೂ ಹಾಗೂ ಕಿಮ್ ಗೋ-ಉನ್ ಪ್ರಧಾನ ಪಾತ್ರಗಳನ್ನು ವಹಿಸಿದ್ದಾರೆ. 2017ರ ಬೇಕ್ಸಾಂಗ್ ಕಲಾ ಪ್ರಶಸ್ತಿಗಳಲ್ಲಿ ದೂರದರ್ಶನ ವಿಭಾಗದ ಪರಮೋಚ್ಚ ಪ್ರಶಸ್ತಿಯು ಈ ಕೃತಿಗಾಗಿ ನಟರಿಗಲ್ಲದೆ ಲೇಖಕಿಗೆ ಸಂದಿತು. ಕೃತಿಯ ಯಶಸ್ಸು ಅದರ ಬರವಣಿಗೆಯಲ್ಲಿದೆ ಎಂಬುದಕ್ಕೆ ಇದು ಸೂಚಕ.

ಕೃತಿಯ ಪೂರ್ಣ ಶೀರ್ಷಿಕೆಯಲ್ಲಿಯೇ ಒಂದು ಶ್ಲೇಷೆಯಿದೆ. ‘ಏಕಾಂಗಿಯೂ ಉಜ್ವಲನೂ ಆದ’ ಎಂಬರ್ಥದ ಕೊರಿಯನ್ ವಿಶೇಷಣವು ಗೌರವಸೂಚಕ ಪ್ರತ್ಯಯವನ್ನು ಪಡೆದಾಗ ‘ಶಿನ್’ ಎಂಬ ಧ್ವನಿಯಿಂದ ಕೊನೆಗೊಳ್ಳುತ್ತದೆ. ಅದೇ ಧ್ವನಿಗೆ ಆ ಭಾಷೆಯಲ್ಲಿ ‘ದೇವರು’ ಎಂಬ ಅರ್ಥವೂ ಉಂಟು. ಶೀರ್ಷಿಕೆಯ ಆ ಒಂದು ಅಕ್ಷರವನ್ನು ಮಾತ್ರ ದೇವರೆಂಬ ಅರ್ಥದ ಚೀನೀ ಲಿಪಿಯಲ್ಲಿ ಬರೆಯಲಾಗಿದೆ. ನಾಯಕನ ಹೆಸರೂ ಕಿಮ್ ಶಿನ್. ಹೀಗೆ ವ್ಯಾಕರಣದ ಗೌರವಪ್ರತ್ಯಯ, ದೇವರು ಮತ್ತು ಒಬ್ಬ ವ್ಯಕ್ತಿಯ ಹೆಸರು ಒಂದೇ ಉಚ್ಚಾರದಲ್ಲಿ ಕೂಡುತ್ತವೆ. ದೈವ ಮತ್ತು ಮನುಷ್ಯರ ನಡುವಣ ಗೆರೆ ಎಷ್ಟು ತೆಳುವಾದುದೆಂಬ ಕೃತಿಯ ಮೂಲ ಚಿಂತನೆಗೆ ಈ ಶ್ಲೇಷೆಯೇ ಪ್ರವೇಶದ್ವಾರ.

1. ಪರಂಪರೆಯಲ್ಲಿ ದೈವ–ಮಾನವ ಸಮಾಗಮ

ಕೊರಿಯಾದ ಪುರಾಣಗಳಲ್ಲಿ ಈ ಆಶಯವು ಮುಖ್ಯವಾಗಿ ರಾಜವಂಶಗಳ ಮೂಲವನ್ನು ಹೇಳಲು ಬಳಕೆಯಾಗಿದೆ. 13ನೆಯ ಶತಮಾನದಲ್ಲಿ ಇರ್ಯೋನ್ ಎಂಬ ಬೌದ್ಧ ಭಿಕ್ಷು ಸಂಕಲಿಸಿದ ‘ಸಮ್‌ಗುಕ್ ಯುಸಾ’ ಗ್ರಂಥದ ಪ್ರಕಾರ, ಹೆಣ್ಣಾಗಲು ಬಯಸಿದ ಕರಡಿಯೊಂದು ಗುಹೆಯಲ್ಲಿ ಬೆಳ್ಳುಳ್ಳಿಯನ್ನೂ ಕಹಿಸೊಪ್ಪನ್ನೂ ತಿಂದು ವ್ರತಸ್ಥವಾಗಿದ್ದು ಸ್ತ್ರೀರೂಪ ಪಡೆಯುತ್ತದೆ. ದೇವಪುತ್ರ ಹ್ವಾನುಂಗ್ ಅವಳನ್ನು ವರಿಸುತ್ತಾನೆ. ಅವರಿಗೆ ಹುಟ್ಟಿದ ದಂಗುನ್ ಮೊದಲ ರಾಜ್ಯದ ಸ್ಥಾಪಕನಾಗುತ್ತಾನೆ. ಮಗು ಜನಿಸಿದ ಬಳಿಕ ತಾಯಿಯ ಪ್ರಸ್ತಾಪ ಆ ಕಥನದಲ್ಲಿ ಮುಂದುವರಿಯುವುದಿಲ್ಲ. ಗೋಗುರ್ಯೋ ರಾಜ್ಯದ ಮೂಲಪುರಾಣದಲ್ಲಿ ನದೀದೇವತೆ ಹಬೇಕ್‌ನ ಮಗಳು ಯುಹ್ವಾ ದೇವಪುತ್ರ ಹೇಮೋಸುವನ್ನು ಕೂಡಿ, ಅವನಿಂದ ಪರಿತ್ಯಕ್ತಳಾಗಿ, ತಂದೆಯಿಂದ ಬಹಿಷ್ಕೃತಳಾಗಿ ಜುಮೋಂಗ್‌ನನ್ನು ಹೆರುತ್ತಾಳೆ. ಕ್ರಿ.ಶ. 414ರ ಗ್ವಾಂಗೇತೋ ಶಿಲಾಶಾಸನವು ರಾಜ್ಯಸ್ಥಾಪಕನ ತಾಯಿ ಹಬೇಕ್‌ನ ಮಗಳೆಂದು ದಾಖಲಿಸಿರುವುದರಿಂದ ಈ ಕಥೆಯ ಪ್ರಾಚೀನತೆ ಸ್ಪಷ್ಟವಾಗುತ್ತದೆ.

ಈ ಕಥೆಗಳೆಲ್ಲವೂ ಕೇಳುವ ಪ್ರಶ್ನೆ ಒಂದೇ: ಈ ಸಮಾಗಮದಿಂದ ಯಾರು ಹುಟ್ಟುತ್ತಾರೆ? ಸ್ತ್ರೀಯ ಒಲವು, ಸಮ್ಮತಿ, ಅಳಲುಗಳು ವಂಶದ ಹಿರಿಮೆಯ ನೆರಳಿನಲ್ಲಿ ಉಳಿದುಬಿಡುತ್ತವೆ. ಇದಕ್ಕೆ ಅಪವಾದದಂತೆ ಕಾಣುವ ಕಥೆಯೊಂದು ‘ಸಮ್‌ಗುಕ್ ಯುಸಾ’ದಲ್ಲಿಯೇ ಇದೆ. ಶಿಲ್ಲಾ ರಾಜ್ಯದ ದೊರೆ ಜಿಂಜಿ ರೂಪವತಿಯಾದ ದೋಹ್ವಾ ಎಂಬ ಗೃಹಿಣಿಯನ್ನು ಬಯಸಿ ಕರೆಸುತ್ತಾನೆ. ಪತಿಯುಳ್ಳವಳು ಇನ್ನೊಬ್ಬನನ್ನು ಸೇರಲಾರಳೆಂದು ಅವಳು ನಿರಾಕರಿಸುತ್ತಾಳೆ. ಪತಿ ಇಲ್ಲದಿದ್ದರೆ ಆದೀತೆ ಎಂಬ ದೊರೆಯ ಮರುಪ್ರಶ್ನೆಗೆ ಆಗಬಹುದೆಂದು ಒಪ್ಪುತ್ತಾಳೆ. ದೊರೆ ಪದಚ್ಯುತನಾಗಿ ಸತ್ತು, ಎರಡು ವರ್ಷಗಳ ಬಳಿಕ ಅವಳ ಪತಿಯೂ ತೀರಿಕೊಂಡಾಗ ದೊರೆಯ ಆತ್ಮ ಬಂದು ಆ ಮಾತನ್ನು ನೆನಪಿಸುತ್ತದೆ. ಅವರಿಗೆ ಹುಟ್ಟಿದ ಬಿಹ್ಯೋಂಗ್ ಭೂತಗಣಗಳ ನಾಯಕನಾಗಿ ಅವುಗಳಿಂದ ಒಂದೇ ರಾತ್ರಿಯಲ್ಲಿ ಸೇತುವೆ ಕಟ್ಟಿಸುತ್ತಾನೆ. ಕೊಟ್ಟ ಮಾತು ಸಾವಿನಾಚೆಗೂ ಬಂಧಿಸುತ್ತದೆ ಎಂಬ ಈ ಕಥೆಯ ಸೂತ್ರ ಪ್ರಸ್ತುತ ಧಾರಾವಾಹಿಯಲ್ಲಿ ಹೊಸ ರೂಪದಲ್ಲಿ ಮರಳಿ ಬರುತ್ತದೆ.

2. ಜನಪದ ನಂಬಿಕೆಯ ದೊಕ್ಕೆಬಿ

ಬಿಹ್ಯೋಂಗ್‌ನ ಆಜ್ಞೆಗೆ ಒಳಪಟ್ಟ ಆ ಭೂತಗಣಗಳನ್ನೇ ದೊಕ್ಕೆಬಿಗಳ ಆದಿರೂಪವೆಂದು ಗುರುತಿಸುವುದುಂಟು. ಜನಪದ ನಂಬಿಕೆಯ ದೊಕ್ಕೆಬಿ ಸತ್ತವರ ಪ್ರೇತವಲ್ಲ. ಬಳಸಿ ಬಿಸುಟ ಪೊರಕೆಯಂತಹ ವಸ್ತುಗಳಿಗೆ ಮನುಷ್ಯರ ರಕ್ತದ ಕಲೆ ತಗುಲಿದಾಗ ಅವು ಜೀವತಳೆದು ದೊಕ್ಕೆಬಿಯಾಗುತ್ತವೆ. ಬಯಸಿದ್ದನ್ನು ಕೊಡುವ ಗದೆ, ಧರಿಸಿದವರನ್ನು ಮರೆಮಾಡುವ ಟೊಪ್ಪಿಗೆ, ಕುಸ್ತಿಯ ಗೀಳು, ಹುರುಳಿಯಂತೆ ಬಡ ನೆಲದಲ್ಲಿಯೂ ಬೆಳೆಯುವ ಬಕ್‌ವೀಟ್ ಧಾನ್ಯದ ತಿನಿಸಿನ ಮೇಲಿನ ಆಸೆ ಇವು ಅದರ ಲಕ್ಷಣಗಳು. ಅದು ಕುಚೇಷ್ಟೆಯ ಜೀವಿಯೇ ಹೊರತು ಪರಮ ಕ್ರೂರಿಯಲ್ಲ. ಮಕ್ಕಳ ಪುಸ್ತಕಗಳಲ್ಲಿ ಕಾಣುವ ಕೊಂಬಿನ ದೊಕ್ಕೆಬಿಯು ಜಪಾನಿನ ಆಳ್ವಿಕೆಯ ಕಾಲದಲ್ಲಿ, ಅಂದರೆ 1910ರಿಂದ 1945ರ ನಡುವೆ, ಅಲ್ಲಿನ ರಾಕ್ಷಸಚಿತ್ರಗಳಿಂದ ಬಂದುದೆಂದು ಕೊರಿಯಾದ ಕೆಲವು ಜಾನಪದ ವಿದ್ವಾಂಸರು ವಾದಿಸಿದ್ದಾರೆ.

ಧಾರಾವಾಹಿಯು ಕೊಂಬನ್ನು ಕೈಬಿಟ್ಟು ರಕ್ತದ ಕಲೆಯನ್ನು ಉಳಿಸಿಕೊಂಡಿದೆ. ಇಲ್ಲಿ ರಕ್ತಸಿಕ್ತ ವಸ್ತು ಪೊರಕೆಯಲ್ಲ, ಖಡ್ಗ. ಗೋರ್ಯೋ ರಾಜ್ಯದ ಸೇನಾನಿ ಕಿಮ್ ಶಿನ್ ಅಸಂಖ್ಯ ಶತ್ರುಗಳನ್ನು ಕೊಂದು ಜನರಿಂದ ಯುದ್ಧದೇವತೆಯೆನಿಸಿಕೊಳ್ಳುತ್ತಾನೆ. ಅವನ ಕೀರ್ತಿಗೆ ಅಂಜಿದ ತರುಣ ದೊರೆ ವಾಂಗ್ ಯೋ, ನಪುಂಸಕ ಮಂತ್ರಿಯ ದುರ್ಬೋಧೆಗೆ ಕಿವಿಗೊಟ್ಟು ಅವನನ್ನೂ ಅವನ ಪರಿವಾರವನ್ನೂ, ತನ್ನ ರಾಣಿಯೇ ಆಗಿದ್ದ ಅವನ ತಂಗಿಯನ್ನೂ ಕೊಲ್ಲಿಸುತ್ತಾನೆ. ಎದೆಯಲ್ಲಿ ಖಡ್ಗ ನಾಟಿದ ಶವವನ್ನು ಬಕ್‌ವೀಟ್ ಹೊಲದಲ್ಲಿ ಬಿಸುಡಲಾಗುತ್ತದೆ. ದೊಕ್ಕೆಬಿಗೆ ಪ್ರಿಯವಾದ ಧಾನ್ಯದ ಹೊಲವೇ ಅವನ ಮರಣಸ್ಥಾನವೂ ಪುನರುತ್ಥಾನದ ನೆಲವೂ ಆಗುವುದು ಆಕಸ್ಮಿಕವಲ್ಲ.

3. ವರವೇ ಶಾಪವಾಗುವ ಬಗೆ

ಜನರ ಪ್ರಾರ್ಥನೆಯಿಂದ ಕಿಮ್ ಶಿನ್ ಮತ್ತೆ ಎದ್ದು ನಿಲ್ಲುತ್ತಾನೆ. ಆದರೆ ಅವನ ಖಡ್ಗಕ್ಕೆ ಬಲಿಯಾದವರ ರಕ್ತದ ಋಣವೂ ಉಳಿದಿದೆ. ಆದ್ದರಿಂದ ದೊರೆತ ಅಮರತ್ವ ವರವೂ ಹೌದು, ದಂಡನೆಯೂ ಹೌದು. ಪ್ರೀತಿಪಾತ್ರರೆಲ್ಲರ ಸಾವನ್ನು ಕಾಣುತ್ತಾ ಅವನು 900ಕ್ಕೂ ಹೆಚ್ಚು ವರ್ಷ ಬದುಕಬೇಕಾಗುತ್ತದೆ. ಮಾಯದ ಗಾಯದೊಂದಿಗೆ ಅಲೆಯುವ ಅಶ್ವತ್ಥಾಮನನ್ನು ಬಲ್ಲ ಕನ್ನಡ ಓದುಗರಿಗೆ ಚಿರಂಜೀವಿತ್ವವೇ ಶಿಕ್ಷೆಯಾಗುವ ಈ ಕಲ್ಪನೆ ಹೊಸದಲ್ಲ. ವ್ಯತ್ಯಾಸವಿರುವುದು ಬಿಡುಗಡೆಯ ಮಾರ್ಗದಲ್ಲಿ. ‘ದೊಕ್ಕೆಬಿಯ ವಧು’ವಿಗೆ ಮಾತ್ರ ಎದೆಯ ಖಡ್ಗ ಕಾಣುತ್ತದೆ, ಅವಳು ಮಾತ್ರ ಅದನ್ನು ಕೀಳಬಲ್ಲಳು, ಕಿತ್ತೊಡನೆ ಅವನು ಇಲ್ಲವಾಗುತ್ತಾನೆ. ವಧುವನ್ನು ಹುಡುಕುವುದೆಂದರೆ ತನ್ನ ಸಾವನ್ನು ಹುಡುಕುವುದು.

ಆ ವಧು ಜಿ ಉನ್-ತಾಕ್, ಸೋದರತ್ತೆಯಂತಲ್ಲದೆ ಶತ್ರುವಿನಂತೆ ನಡೆದುಕೊಳ್ಳುವ ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಅನಾಥ ವಿದ್ಯಾರ್ಥಿನಿ. ಗರ್ಭಿಣಿಯಾಗಿದ್ದ ಅವಳ ತಾಯಿ ವಾಹನದ ಅಪಘಾತದಲ್ಲಿ ಸಾಯಬೇಕಿದ್ದಾಗ ಕಿಮ್ ಶಿನ್ ಬದುಕಿಸಿರುತ್ತಾನೆ. ಹಾಗಾಗಿ ಉನ್-ತಾಕ್ ಮರಣದ ಲೆಕ್ಕದಿಂದ ತಪ್ಪಿಸಿಕೊಂಡ ಜೀವ. ಕಿಮ್ ಶಿನ್‌ನ ಮನೆಯಲ್ಲಿಯೇ ವಾಸಿಸುವ ಯಮದೂತನಿಗೆ ಪೂರ್ವಜನ್ಮದ ಸ್ಮೃತಿಯಿಲ್ಲ. ಅವನೇ ಹಿಂದಿನ ದೊರೆ ವಾಂಗ್ ಯೋ ಎಂಬುದು ಕ್ರಮೇಣ ತಿಳಿದುಬರುತ್ತದೆ. ಕೊರಿಯಾದ ಮೃತ್ಯುಲೋಕಾಧಿಪತಿ ‘ಯೋಮ್ರಾ’ ಎಂಬ ಹೆಸರು ಬೌದ್ಧಧರ್ಮದೊಡನೆ ಚೀನಾದ ಮೂಲಕ ಅಲ್ಲಿಗೆ ತಲುಪಿದ ಯಮರಾಜನದೇ ಆದುದರಿಂದ, ಕರ್ಮ ಮತ್ತು ಪುನರ್ಜನ್ಮಗಳ ಈ ಚೌಕಟ್ಟು ಭಾರತೀಯರಿಗೆ ಅಪರಿಚಿತವೆನಿಸದು. ಮಕ್ಕಳನ್ನು ಕರುಣಿಸುವ ಸಮ್ಶಿನ್ ಅಜ್ಜಿಯಂತಹ ದೇಶೀ ದೈವವೂ ಇದೇ ಜಗತ್ತಿನಲ್ಲಿ ಸಂಚರಿಸುತ್ತದೆ.

4. ಕರಾರುಪತ್ರದ ಮಹತ್ವ

ಉನ್-ತಾಕ್ ದೈವದ ಮುಂದೆ ಕೈಮುಗಿದು ನಿಲ್ಲುವವಳಲ್ಲ. ಮೇಣದ ಬತ್ತಿಯನ್ನು ಊದಿ ಆರಿಸಿದಾಗಲೆಲ್ಲ ದೊಕ್ಕೆಬಿ ಎದುರು ಬಂದು ನಿಲ್ಲಲೇಬೇಕೆಂಬುದನ್ನು ಅವಳು ಅರಿತುಕೊಳ್ಳುತ್ತಾಳೆ. ಅವಳ ಮೊದಲ ಕೋರಿಕೆಗಳು ಬಿಡುವೇಳೆಯ ಕೆಲಸ, ಚಿಕ್ಕಮ್ಮನ ಕಾಟದಿಂದ ಬಿಡುಗಡೆ ಮತ್ತು ಒಬ್ಬ ಗೆಳೆಯ. ಮುಂದೆ ಆ ಮನೆಯಲ್ಲಿ ವಾಸಿಸುವಾಗ ಅವಳು ಕರಾರುಪತ್ರವನ್ನೇ ಬರೆಸಿಕೊಳ್ಳುತ್ತಾಳೆ. ಪ್ರತಿವರ್ಷದ ಮೊದಲ ಹಿಮ ಬೀಳುವ ದಿನ ಕರೆದರೆ ಅವನು ಬರತಕ್ಕದ್ದು ಎಂಬುದು ಅದರ ಒಂದು ಷರತ್ತು. ಹಾಸ್ಯದ ಸನ್ನಿವೇಶದಂತೆ ತೋರುವ ಈ ಕರಾರು ಕಥೆಯ ತಿರುವನ್ನು ನಿರ್ಧರಿಸುತ್ತದೆ. 13ನೆಯ ಕಂತಿನಲ್ಲಿ ಪ್ರೇತರೂಪಿಯಾಗಿ ಉಳಿದಿದ್ದ ಹಳೆಯ ಮಂತ್ರಿಯನ್ನು ಸಂಹರಿಸಲು ಕಿಮ್ ಶಿನ್ ಉನ್-ತಾಕ್‌ಳ ಕೈಯನ್ನು ಹಿಡಿದು ತನ್ನ ಎದೆಯ ಖಡ್ಗವನ್ನು ಕೀಳಿಸುತ್ತಾನೆ ಮತ್ತು ಬೂದಿಯಾಗಿ ಚದುರುತ್ತಾನೆ. ಅವನ ನೆನಪು ಲೋಕದಿಂದ ಅಳಿಯುತ್ತದೆ. ಅಳಿಯುವ ಮುನ್ನ ಅವನ ಹೆಸರನ್ನು ಮರೆಯಬಾರದೆಂದು ಉನ್-ತಾಕ್ ಅವಸರದಿಂದ ಬರೆದಿಡುತ್ತಾಳೆ. ಇಹಪರಗಳ ನಡುವಣ ಶೂನ್ಯದಲ್ಲಿ ಒಂಬತ್ತು ವರ್ಷ ಅಲೆದ ಅವನನ್ನು ಮರಳಿ ಕರೆತರುವುದು ದೇವರ ಕೃಪೆಯಲ್ಲ, ಆ ಕರಾರು.

ಇಲ್ಲಿ ಎರಡು ಬಗೆಯ ಬಂಧಗಳು ಎದುರುಬದುರಾಗುತ್ತವೆ. ಶಾಪವು ಮೇಲಿನಿಂದ ಇಳಿದುಬಂದುದು, ಅದಕ್ಕೆ ಬಾಧಿತರ ಒಪ್ಪಿಗೆ ಬೇಕಿಲ್ಲ. ಕರಾರು ಇಬ್ಬರು ಕುಳಿತು ಬರೆದುದು, ಅದರಲ್ಲಿ ದುರ್ಬಲರಿಗೂ ಸಹಿಯ ಹಕ್ಕುಂಟು. ದೈವದ ಶಾಸನ ಮುಗಿದ ಕಡೆ ಮನುಷ್ಯರ ಲಿಖಿತ ಮಾತು ಕೆಲಸ ಮಾಡುತ್ತದೆ. ದೋಹ್ವಾಳ ಕಥೆಯಲ್ಲಿ ಹೆಣ್ಣಿನ ಮಾತು ಅವಳನ್ನೇ ಕಟ್ಟಿಹಾಕಿತ್ತು. ಇಲ್ಲಿ ಅದು ದೈವವನ್ನು ಕಟ್ಟುತ್ತದೆ.

ಈ ಸಮಾನತೆ ಪೂರ್ಣವಾದುದೆಂದು ಹೇಳಲಾಗದು. ಕಥೆ ಆರಂಭವಾಗುವಾಗ ಉನ್-ತಾಕ್ ಇನ್ನೂ ಶಾಲಾ ವಿದ್ಯಾರ್ಥಿನಿ. ಅವನು ಶತಮಾನಗಳನ್ನು ಕಂಡವನು, ಶ್ರೀಮಂತ, ಬಲಶಾಲಿ. ಅವಳಿಗೆ ಬೇಕಾದ ಸೂರು, ಶಿಕ್ಷಣ, ರಕ್ಷಣೆಗಳೆಲ್ಲವೂ ಅವನ ಕೈಯಲ್ಲಿವೆ. ಹುಟ್ಟಿನಿಂದಲೇ ಪ್ರೇತಗಳು ಅವಳನ್ನು ‘ದೊಕ್ಕೆಬಿಯ ವಧು’ ಎಂದು ಕರೆದಿರುವುದರಿಂದ ಅವಳ ಆಯ್ಕೆ ಎಷ್ಟರಮಟ್ಟಿಗೆ ಅವಳದೆಂಬ ಸಂದೇಹ ಉಳಿಯುತ್ತದೆ. ವಿವಾಹವನ್ನು ಒಂಬತ್ತು ವರ್ಷಗಳ ಅಗಲಿಕೆಯ ಬಳಿಕ, ಅವಳು ಸ್ವತಂತ್ರ ಉದ್ಯೋಗಸ್ಥೆಯಾದ ಮೇಲೆ ಇರಿಸಿರುವುದು ಈ ಆಕ್ಷೇಪಕ್ಕೆ ಕೃತಿ ಕೊಡುವ ಭಾಗಶಃ ಉತ್ತರ.

5. ಬಲಿಯ ಅರ್ಥಾಂತರ

ಇದೇ ವಾಹಿನಿಯಲ್ಲಿ 2017ರ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಪ್ರಸಾರವಾದ ‘ಹಬೇಕ್‌ನ ವಧು’ ಧಾರಾವಾಹಿಯೊಡನೆ ಹೋಲಿಸಿದಾಗ ಈ ಚರ್ಚೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಯೂನ್ ಮಿ-ಕ್ಯೋಂಗ್ ಅವರ ಚಿತ್ರಕಥಾಮಾಲೆ ಇದಕ್ಕೆ ಆಧಾರ. ಆ ಮೂಲದಲ್ಲಿ ಬರಗಾಲ ನೀಗಲೆಂದು ಊರಿನವರು ಹುಡುಗಿಯೊಬ್ಬಳನ್ನು ಜಲದೇವತೆಗೆ ವಧುವಾಗಿ ಅರ್ಪಿಸುತ್ತಾರೆ. ನದಿಗೆ ಕನ್ಯೆಯನ್ನು ಕೊಡುವ ಆಚರಣೆಯ ಉಲ್ಲೇಖ ಚೀನಾದ ಪ್ರಾಚೀನ ಇತಿಹಾಸಗ್ರಂಥ ‘ಶಿಜಿ’ಯಲ್ಲಿಯೂ ಇದೆ. ಶಿಮೆನ್ ಬಾವೊ ಎಂಬ ಅಧಿಕಾರಿ ಆ ಆಚರಣೆಯನ್ನು ನಡೆಸುತ್ತಿದ್ದವರನ್ನೇ ನೀರಿಗೆಸೆದು ಅದನ್ನು ನಿಲ್ಲಿಸಿದನೆಂದು ಅದು ಹೇಳುತ್ತದೆ. ಧಾರಾವಾಹಿಯು ಕಥೆಯನ್ನು ಇಂದಿನ ಸೋಲ್ ನಗರಕ್ಕೆ ತಂದು, ಹುಡುಗಿಯನ್ನು ಸಾಲದ ಹೊರೆಯುಳ್ಳ ಮನೋವೈದ್ಯೆಯನ್ನಾಗಿಸಿ, ದೇವತೆಯನ್ನು ಭೂಮಿಗಿಳಿದೊಡನೆ ಶಕ್ತಿಗುಂದುವವನನ್ನಾಗಿಸುತ್ತದೆ. ಆದರೂ ನಾಯಕಿ ದೇವತೆಗಳ ಸೇವೆಗೆ ತಲೆಮಾರುಗಳಿಂದ ಬದ್ಧವಾದ ಮನೆತನದವಳು. ಬಲಿ ಅಲ್ಲಿ ವಂಶಪಾರಂಪರ್ಯದ ಊಳಿಗವಾಗಿ ಉಳಿದಿದೆ.

‘ದೊಕ್ಕೆಬಿ’ ಬಲಿಯ ಆಶಯವನ್ನು ಬುಡಸಹಿತ ಬದಲಿಸುತ್ತದೆ. ಬಕ್‌ವೀಟ್ ಹೊಲದಲ್ಲಿ ವಿವಾಹವಾದ ಕೆಲವೇ ಸಮಯದಲ್ಲಿ, ನಿಯಂತ್ರಣ ತಪ್ಪಿ ಬರುತ್ತಿದ್ದ ಟ್ರಕ್ಕು ಪುಟ್ಟ ಮಕ್ಕಳ ವಾಹನಕ್ಕೆ ಅಪ್ಪಳಿಸದಂತೆ ಉನ್-ತಾಕ್ ತನ್ನ ಕಾರನ್ನು ಅಡ್ಡಲಾಗಿ ನಿಲ್ಲಿಸಿ ಪ್ರಾಣಬಿಡುತ್ತಾಳೆ. ಈ ಸಾವು ಯಮದೂತನ ಪಟ್ಟಿಯಲ್ಲಿ ಮೊದಲೇ ಬರೆದುದಲ್ಲ. ಅದನ್ನು ದೈವ ಮುಂಗಾಣಲಿಲ್ಲ, ತಡೆಯಲೂ ಇಲ್ಲ. ಹಳೆಯ ಕಥೆಯಲ್ಲಿ ಸಮುದಾಯವು ಹುಡುಗಿಯನ್ನು ದೈವಕ್ಕೆ ಅರ್ಪಿಸುತ್ತಿತ್ತು. ಇಲ್ಲಿ ಅವಳು ಯಾರೂ ಕೇಳದೆ ತನ್ನನ್ನು ಮಕ್ಕಳಿಗಾಗಿ ಕೊಟ್ಟುಕೊಳ್ಳುತ್ತಾಳೆ ಮತ್ತು ದೈವ ದುಃಖಿಸುತ್ತಾ ಉಳಿಯುತ್ತದೆ. ಸತ್ತವರಿಗೆ ಮರೆವು ತರುವ ಚಹವನ್ನು ನಿರಾಕರಿಸಿ ನೆನಪಿನೊಂದಿಗೆ ಹೊರಡುವ ಅವಳು, ಮುಂದಿನ ಜನ್ಮದಲ್ಲಿ ಕೆನಡಾದ ಕ್ವಿಬೆಕ್ ನಗರದಲ್ಲಿ ಅವನನ್ನು ಗುರುತಿಸುತ್ತಾಳೆ.

ಒಟ್ಟಾರೆಯಾಗಿ, ಪುರಾಣದ ದೈವ–ಮಾನವ ಸಮಾಗಮ ವಂಶವನ್ನು ಸ್ಥಾಪಿಸುತ್ತಿತ್ತು. ಈ ಧಾರಾವಾಹಿಯ ದಂಪತಿಗೆ ಮಗುವೂ ಇಲ್ಲ, ರಾಜ್ಯವೂ ಇಲ್ಲ. ‘ಯಾರು ಹುಟ್ಟುತ್ತಾರೆ’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಯಾರು ಮೊದಲು ಸಾಯುತ್ತಾರೆ, ಉಳಿದವರು ಏನನ್ನು ನೆನಪಿಡುತ್ತಾರೆ’ ಎಂಬ ಪ್ರಶ್ನೆ ಬಂದಿದೆ. ಇದು ದಾಂಪತ್ಯವನ್ನು ಸಂತಾನದ ಸಾಧನವೆಂದು ನೋಡದೆ ಇಬ್ಬರ ನಡುವಣ ಮಾತೆಂದು ನೋಡುವ ಸಮಾಜದ ಪ್ರಶ್ನೆ. ಸಾಯಬಲ್ಲವಳಾದುದರಿಂದಲೇ ಉನ್-ತಾಕ್ ಏನನ್ನಾದರೂ ಕೊಡಬಲ್ಲಳು. ಆ ಸಾಮರ್ಥ್ಯ ಅಮರನಾದ ಕಿಮ್ ಶಿನ್‌ಗೆ ದೊರೆತದ್ದು ತನ್ನ ಎದೆಯ ಖಡ್ಗವನ್ನು ತಾನೇ ಕೀಳಿಸಿಕೊಂಡ ಒಂದು ಕ್ಷಣದಲ್ಲಿ ಮಾತ್ರ. ದೈವವು ಮನುಷ್ಯರಿಂದ ಪಡೆಯಬೇಕಾದುದೂ ಉಂಟು ಎಂಬ ಈ ತಿಳಿವೇ ಹಳೆಯ ಆಶಯಕ್ಕೆ ಈ ಕೃತಿಯು ಕೂಡಿಸಿದ ಹೊಸ ಅರ್ಥವಾಗಿದೆ.